ಚದುರಂಗದಲ್ಲಿ ಕಪ್ಪು ಪಕ್ಷದ ಆಕ್ರಮಣ

ಚದುರಂಗದ ಮಣೆಯ ಎರಡು ಕಡೆಗಳಲ್ಲಿ ಕುಳಿತ ಇಬ್ಬರು ಬಾಲಿಕೆಯರಲ್ಲಿ ಒಬ್ಬಳಿಗೆ ಬಿಳಿಯ ಕಾಯಿಗಳೂ ಮತ್ತೊಬ್ಬಳಿಗೆ ಕಪ್ಪು ಕಾಯಿಗಳೂ ದೊರೆಯುವುವು. ಬಿಳಿಯ ಪಕ್ಷದವಳು ಮೊದಲು ನಡೆಸತಕ್ಕದ್ದೆಂಬುದು ಆಟದ ನಿಯಮ. ಇಷ್ಟು ಮಾತ್ರಕ್ಕೇ ಕಪ್ಪು ಕಾಯಿ ಬಂದವಳು ಮುಖವನ್ನು ಸಣ್ಣದು ಮಾಡಿಕೊಂಡು, "ಈ ಸಲ ನನ್ನ ಕೆಲಸವೇನಿದ್ದರೂ ಏಟು ತಪ್ಪಿಸಿಕೊಳ್ಳುವುದೇ" ಎಂದು ಭಾವಿಸುವುದುಂಟು. ಮೊದಲು ನಡೆಸುವುದರಲ್ಲಿ ಅಲ್ಪ ಅನುಕೂಲವಿರುವುದು ನಿಜವೇ. ದೊಡ್ಡ ಪಂದ್ಯಗಳ ಲೆಕ್ಕವನ್ನು ಕೂಡಿಸಿದವರು, ಒಟ್ಟು ಅಂಕಗಳಲ್ಲಿ ನೂರಕ್ಕೆ 52ರಿಂದ 56ರಷ್ಟು ಬಿಳಿಯ ಪಾಲಿಗೆ ಬರುವುದೆಂದು ಹೇಳುತ್ತಾರೆ. ಹಾಗಾದರೆ ಮಿಕ್ಕ 44ರಿಂದ 48ರಷ್ಟು ಕಪ್ಪಿನ ಪಾಲಿಗೆ ಬಂದಿತಷ್ಟೆ. ಇದು ಏಟು ತಪ್ಪಿಸಿಕೊಳ್ಳುತ್ತ ಮಾತ್ರ ಕುಳಿತವರಿಗೆ ದೊರೆಯುವ ಪಾಲಲ್ಲ.

ಇನ್ನೊಂದು ಸಂಗತಿಯನ್ನೂ ನೋಡಬಹುದು. ಚದುರಂಗದಲ್ಲಿ ಸಾಧ್ಯವಾದ ಅತ್ಯಂತ ಚಿಕ್ಕ ಜಯವು ಕಪ್ಪಿನದು. ಬಿಳಿಯು ಮೊದಲು ಎಫ್ ಪಟ್ಟಿಯ ಕಾಲಾಳನ್ನು ಒಂದು ಮನೆ ಮುಂದಿರಿಸಿ, ಎರಡನೆಯ ನಡೆಯಲ್ಲಿ ಜಿ ಪಟ್ಟಿಯ ಕಾಲಾಳನ್ನು ಎರಡು ಮನೆ ಮುಂದಿರಿಸಿದರೆ, ಕಪ್ಪು ರಾಣಿಯು ಎಚ್4ಕ್ಕೆ ಬಂದು ಎರಡೇ ನಡೆಗಳಲ್ಲಿ ಆಟವನ್ನು ಮುಗಿಸುವಳು. ಮೊದಲು ನಡೆಸುವವಳು ಮೊದಲು ತಪ್ಪುವುದಕ್ಕೂ ಅವಕಾಶವುಳ್ಳವಳು. ಎರಡನೆಯವಳು ಎದುರಾಳಿಯ ಮನಸ್ಸನ್ನು ಒಂದು ನಡೆಯಷ್ಟು ಮುಂಚಿತವಾಗಿ ಓದಿದವಳು. ಈ ಓದನ್ನು ಹೇಗೆ ಉಪಯೋಗಿಸಬೇಕು, ಕಪ್ಪು ಪಕ್ಷದವಳು ಬಲವಾದ ನಡೆಯನ್ನು ಹೇಗೆ ಹುಡುಕಬೇಕು ಎಂಬುದೇ ಈ ಲೇಖನದ ವಿಷಯ.

ಕಾಯಿಗಳ ಹೆಸರು, ಮನೆಗಳ ಗುರುತು

ಈ ಆಟವು ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಚದುರಂಗದ ಸಮಸ್ಯೆಗಳಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿದ್ದರು. ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಸುತ್ತಿಬರುವ ಚಮತ್ಕಾರದ ನಡೆಗಳನ್ನು ಅವರು ರಚಿಸಿದ್ದು ಇಂದಿಗೂ ಗಣಿತಜ್ಞರ ಮೆಚ್ಚಿಕೆಯನ್ನು ಪಡೆದಿದೆ. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಆಟಗಳಿಗೆ ಸಂಬಂಧಿಸಿದುದು. ನಮ್ಮ ಹಳೆಯ ಆಟದಲ್ಲಿ ರಾಜನ ಪಕ್ಕದ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ ದುರ್ಬಲವಾದ ಕಾಯಿ. 15ನೆಯ ಶತಮಾನದ ಅಂತ್ಯಭಾಗದಲ್ಲಿ ಐರೋಪ್ಯರು ಆ ಕಾಯಿಗೆ ನೇರವಾಗಿಯೂ ಓರೆಯಾಗಿಯೂ ಎಷ್ಟು ಮನೆಗಳಾದರೂ ನಡೆಯುವ ಅಧಿಕಾರವನ್ನು ಕೊಟ್ಟರು. ಅಂದಿನಿಂದ ಮಣೆಯ ಮೇಲೆ ಎಲ್ಲರಿಗಿಂತ ಬಲಶಾಲಿನಿ ರಾಣಿಯೇ. ನಮ್ಮ ಮನೆಗಳಲ್ಲಿ ಹಿರಿಯರು ಈಗಲೂ ಮಂತ್ರಿಯೆಂದೇ ಹೇಳುವುದುಂಟು. ಇಲ್ಲಿ ರಾಣಿಯೆಂದು ಬರೆದಿದೆ. ಉಳಿದವು ಆನೆ, ಕುದುರೆ, ಒಂಟೆ, ಕಾಲಾಳು ಎಂಬ ನಮ್ಮ ಹೆಸರುಗಳೇ.

ಮನೆಗಳನ್ನು ಗುರುತಿಸುವ ಕ್ರಮ ಹೀಗೆ: ಬಿಳಿಯ ಆಟಗಾರ್ತಿಯ ಎಡಗೈಯಿಂದ ಬಲಗೈಗೆ ಎಂಟು ಪಟ್ಟಿಗಳು - ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಬಿಳಿಯ ಕಡೆಯಿಂದ ಕಪ್ಪಿನ ಕಡೆಗೆ ಎಂಟು ಸಾಲುಗಳು - 1ರಿಂದ 8. ಪಟ್ಟಿಯ ಅಕ್ಷರವನ್ನೂ ಸಾಲಿನ ಅಂಕಿಯನ್ನೂ ಸೇರಿಸಿದರೆ ಮನೆಯ ಹೆಸರಾಯಿತು. ಬಿಳಿಯ ರಾಜನ ಮೂಲಸ್ಥಾನ ಇ1, ಕಪ್ಪು ರಾಜನದು ಇ8. ಓದುವಾಗ ಮಣೆಯನ್ನು ಎದುರಿಗಿಟ್ಟುಕೊಂಡು ಕಾಯಿಗಳನ್ನು ಕೈಯಾರೆ ನಡೆಸಿ ನೋಡಬೇಕು. ಬರಿಯ ಕಣ್ಣಿನಿಂದ ಓದಿದ ಚದುರಂಗವು ನಿಲ್ಲುವುದಿಲ್ಲ.

ಆಕ್ರಮಣಕ್ಕೆ ಮುಂಚೆ ಸಾಮಗ್ರಿ

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆಯು ಹೊತ್ತಿಕೊಂಡಿತು. ಆದರೆ ಬೆಂಕಿಯೊಂದರಿಂದಲೇ ಕಬ್ಬಿಣವು ಹುಟ್ಟಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡುಗಳ ಇದ್ದಿಲು, ಸುಣ್ಣಕಲ್ಲು ಇವೆಲ್ಲವೂ ಕುಲುಮೆಯ ಬಾಯಿಗೆ ಬಂದು ಸೇರಿದ ಮೇಲೆಯೇ ಬೆಂಕಿಗೆ ಬೆಲೆ ಬಂದದ್ದು. ಚದುರಂಗದ ಆಕ್ರಮಣವೂ ಹಾಗೆಯೇ. ಮೂಲಸ್ಥಾನದಲ್ಲಿಯೇ ಮಲಗಿರುವ ಕುದುರೆ ಒಂಟೆಗಳನ್ನು ಬಿಟ್ಟು ರಾಣಿಯೊಬ್ಬಳನ್ನೇ ಎದುರಾಳಿಯ ಪಾಳೆಯಕ್ಕೆ ಅಟ್ಟುವುದು ಆಕ್ರಮಣವಲ್ಲ, ಅದು ದುಡುಕು.

ಆದುದರಿಂದ ಕಪ್ಪು ಪಕ್ಷದವಳು ಮೊದಲ ಹತ್ತು ನಡೆಗಳಲ್ಲಿ ಮೂರು ಕಾರ್ಯಗಳನ್ನು ಮಾಡಿಕೊಳ್ಳಬೇಕು. ಮಣೆಯ ಮಧ್ಯದ ಮನೆಗಳಲ್ಲಿ ಒಂದು ಕಾಲಾಳನ್ನಾದರೂ ನಿಲ್ಲಿಸಬೇಕು, ಅಥವಾ ಆ ಮನೆಗಳ ಮೇಲೆ ತನ್ನ ಕಾಯಿಗಳ ದೃಷ್ಟಿ ಬೀಳುವಂತೆ ಮಾಡಬೇಕು. ಕುದುರೆಗಳನ್ನೂ ಒಂಟೆಗಳನ್ನೂ ಹೊರಕ್ಕೆ ತರಬೇಕು. ರಾಜನನ್ನು ಕ್ಯಾಸ್ಲಿಂಗ್ ಮಾಡಿ ಕೋಟೆಯೊಳಗೆ ಸೇರಿಸಬೇಕು. ಇಷ್ಟಾದ ಮೇಲೆ ಆನೆಗಳಿಗೆ ತೆರೆದ ಪಟ್ಟಿಯೊಂದು ಸಿಕ್ಕಿದರೆ ಸಾಮಗ್ರಿಯು ಸಿದ್ಧವಾಯಿತೆಂದೇ ತಿಳಿಯಬೇಕು.

ಐದು ಪ್ರಶ್ನೆಗಳು

ಬಲವಾದ ನಡೆಯು ಮಿಂಚಿನಂತೆ ಮನಸ್ಸಿಗೆ ಹೊಳೆಯುವುದೆಂದೂ, ಅದು ಹುಟ್ಟಿನಿಂದ ಬಂದವರಿಗೆ ಮಾತ್ರ ಸಾಧ್ಯವೆಂದೂ ಅನೇಕರು ತಿಳಿದಿರುವರು. ಈ ಭಾವನೆಯಿಂದ ಎಷ್ಟೋ ಬಾಲಿಕೆಯರು ಹುಡುಕುವುದನ್ನೇ ಬಿಟ್ಟಿರುತ್ತಾರೆ. ವಾಸ್ತವದಲ್ಲಿ ಒಳ್ಳೆಯ ನಡೆಯು ಕ್ರಮವಾಗಿ ಕೇಳಿದ ಪ್ರಶ್ನೆಗಳಿಗೆ ಬರುವ ಉತ್ತರ. ಎದುರಾಳಿಯು ಕಾಯನ್ನಿರಿಸಿ ಕೈ ತೆಗೆದೊಡನೆ ಕಪ್ಪಿನವಳು ತನ್ನೊಳಗೆ ಈ ಐದನ್ನು ಕೇಳಿಕೊಳ್ಳತಕ್ಕದ್ದು:

1. ಈಗಿನ ನಡೆಯಿಂದ ಅವಳು ನನ್ನ ಯಾವುದನ್ನು ಬೆದರಿಸಿದಳು?

2. ಅದೇ ನಡೆಯಿಂದ ಅವಳು ಯಾವುದನ್ನು ಕಾವಲಿಲ್ಲದೆ ಬಿಟ್ಟಳು? ಕಾಯಿಯು ಒಂದು ಮನೆಗೆ ಹೋಯಿತೆಂದರೆ ಮತ್ತೊಂದು ಮನೆಯನ್ನು ಬಿಟ್ಟಿತೆಂದೇ ಅರ್ಥ.

3. ನಾನು ಕೊಡಬಹುದಾದ ಚೆಕ್‌ಗಳೆಷ್ಟು? ಹೊಡೆಯಬಹುದಾದ ಕಾಯಿಗಳೆಷ್ಟು? ಒಡ್ಡಬಹುದಾದ ಬೆದರಿಕೆಗಳೆಷ್ಟು? ಈ ಅನುಕ್ರಮದಲ್ಲಿಯೇ, ಮೂರ್ಖತನವೆಂದು ತೋರುವುದನ್ನೂ ಬಿಡದೆ ನೋಡಬೇಕು.

4. ನಾನು ಹೀಗೆ ನಡೆಸಿದರೆ ಅವಳ ಅತ್ಯುತ್ತಮವಾದ ಉತ್ತರ ಯಾವುದು? ನನಗೆ ಪ್ರಿಯವಾದ ಉತ್ತರವಲ್ಲ, ಅವಳಿಗೆ ಹಿತವಾದ ಉತ್ತರ.

5. ಹೊಡೆತವೊಂದೂ ಕಾಣದಿದ್ದರೆ, ನನ್ನ ಕಾಯಿಗಳಲ್ಲಿ ಕೆಲಸವಿಲ್ಲದೆ ಕುಳಿತಿರುವುದು ಯಾವುದು? ಅದನ್ನು ಒಳ್ಳೆಯ ಮನೆಗೆ ತರುವುದೇ ಆಗಿನ ಬಲವಾದ ನಡೆ.

ಬರಹದಲ್ಲಿ ಇವು ದೀರ್ಘವಾಗಿ ಕಂಡರೂ, ಅಭ್ಯಾಸವಾದ ಬಳಿಕ ಅರ್ಧ ನಿಮಿಷದ ಕೆಲಸ. ಈ ಪ್ರಶ್ನೆಗಳು ಹೇಗೆ ಫಲಿಸುವುವೆಂಬುದನ್ನು ಒಂದು ಪ್ರಸಿದ್ಧವಾದ ಆಟದಿಂದ ನೋಡೋಣ.

ಒಂದು ಮಾದರಿಯ ಆಟ

1857ನೆಯ ನವೆಂಬರ್ ತಿಂಗಳಲ್ಲಿ, ಎಂದರೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿದ್ದ ಕಾಲದಲ್ಲಿಯೇ, ಅಮೆರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿ ಆ ದೇಶದ ಮೊದಲನೆಯ ಚದುರಂಗ ಸಮ್ಮೇಳನವು ನಡೆಯಿತು. ಅಲ್ಲಿ ಲೂಯಿ ಪಾಲ್ಸನ್ ಎಂಬಾತನು ಬಿಳಿಯ ಕಾಯಿಗಳನ್ನೂ, 20 ವರ್ಷದ ಪಾಲ್ ಮಾರ್ಫಿ ಎಂಬ ಯುವಕನು ಕಪ್ಪು ಕಾಯಿಗಳನ್ನೂ ನಡೆಸಿದರು. ಬಿಳಿಯ 17ನೆಯ ನಡೆಯಾದ ಮೇಲೆ ಮಣೆಯ ಸ್ಥಿತಿ ಹೀಗಿದ್ದಿತು:

ಬಿಳಿಯ ಪಕ್ಷ: ರಾಜ ಜಿ1, ರಾಣಿ ಎ6, ಆನೆಗಳು ಎ2, ಎಫ್1, ಒಂಟೆಗಳು ಸಿ1, ಎಫ್3, ಕಾಲಾಳುಗಳು ಬಿ4, ಸಿ3, ಡಿ2, ಎಫ್2, ಜಿ2, ಎಚ್2.

ಕಪ್ಪು ಪಕ್ಷ: ರಾಜ ಜಿ8, ರಾಣಿ ಡಿ3, ಆನೆಗಳು ಇ6, ಇ8, ಒಂಟೆಗಳು ಬಿ6, ಡಿ7, ಕಾಲಾಳುಗಳು ಎ7, ಸಿ6, ಸಿ7, ಎಫ್7, ಜಿ7, ಎಚ್7.

ಎಣಿಸಿದರೆ ಎರಡು ಪಕ್ಷಗಳ ಬಲವೂ ಸಮವಾಗಿಯೇ ಇದೆ. ಆದರೆ ಕಾಯಿಗಳ ಉದ್ಯೋಗವನ್ನು ನೋಡಿ. ಕಪ್ಪು ಆನೆಗಳೆರಡೂ ತೆರೆದ ಇ ಪಟ್ಟಿಯಲ್ಲಿ ಒಂದರ ಹಿಂದೆ ಒಂದು ನಿಂತಿವೆ. ಕಪ್ಪು ರಾಣಿಯು ಡಿ3ರಲ್ಲಿ ನಿಂತು ಡಿ2ರ ಕಾಲಾಳು ಅಲುಗಾಡದಂತೆ ಮಾಡಿರುವಳು. ಅದು ಅಲುಗಾಡದೆ ಸಿ1ರ ಒಂಟೆಗೆ ಅತ್ತ ಬಾಗಿಲಿಲ್ಲ. ಬಿ6ರ ಒಂಟೆಯು ದೂರದಿಂದಲೇ ಎಫ್2ನ್ನು ಗುರಿಯಿಟ್ಟು ನೋಡುತ್ತಿದೆ. ಇದೇ ನಾವು ಹೇಳಿದ ಸಾಮಗ್ರಿ.

ಈಗ ಪ್ರಶ್ನೆಗಳನ್ನು ಕೇಳೋಣ. ಬಿಳಿಯು ಕೊನೆಯದಾಗಿ ರಾಣಿಯನ್ನು ಎ4ರಿಂದ ಎ6ಕ್ಕೆ ನಡೆಸಿದೆ. ಇದಕ್ಕೆ ಕಾರಣವೇನು? ಅದಕ್ಕೆ ಹಿಂದಿನ ಕ್ಷಣದಲ್ಲಿ ಕಪ್ಪು ರಾಣಿಯು ಎಫ್1ರ ಆನೆಯನ್ನು ಹೊಡೆದು ಚೆಕ್ ಕೊಡುವ ಭಯವಿದ್ದಿತು. ರಾಜನು ಅವಳನ್ನು ಹೊಡೆದೊಡನೆ ಆನೆಯು ಇ1ಕ್ಕೆ ಧುಮುಕಿ ಚೆಕ್‌ಮೇಟ್ ಆಗುತ್ತಿದ್ದಿತು. ಈಗ ಬಿಳಿಯ ರಾಣಿಯು ಎ6ರಿಂದ ಓರೆಯಾಗಿ ಡಿ3ರಲ್ಲಿರುವ ಕಪ್ಪು ರಾಣಿಯನ್ನು ಬೆದರಿಸಿದ್ದಾಳೆ, ಅದೇ ಓರೆಯ ದಾರಿಯ ಕೊನೆಯಲ್ಲಿರುವ ಎಫ್1ಕ್ಕೂ ಕಾವಲಾಗಿದ್ದಾಳೆ. ಒಂದೇ ನಡೆಯಿಂದ ಎರಡು ಕೆಲಸ. ಮೇಲ್ನೋಟಕ್ಕೆ ಚತುರವಾದ ನಡೆ. ಇದು ಮೊದಲನೆಯ ಪ್ರಶ್ನೆಗೆ ಉತ್ತರ.

ಎರಡನೆಯ ಪ್ರಶ್ನೆ: ಯಾವುದು ಕಾವಲಿಲ್ಲದೆ ಉಳಿಯಿತು? ಬಿಳಿಯ ರಾಣಿಯು ಮಣೆಯ ಒಂದು ಮೂಲೆಯ ಕಡೆಗಿದ್ದಾಳೆ, ಅವಳ ರಾಜನು ಮತ್ತೊಂದು ಮೂಲೆಯ ಕಡೆಗಿದ್ದಾನೆ. ರಾಜನ ಮುಂದಿರುವ ಮೂರು ಕಾಲಾಳುಗಳಲ್ಲದೆ ಅವನ ಸಮೀಪದಲ್ಲಿ ದುಡಿಯುವ ಕಾಯಿಯೆಂದರೆ ಎಫ್3ರ ಒಂಟೆಯೊಂದೇ. ಅದು ಹೋದರೆ?

ಮೂರನೆಯ ಪ್ರಶ್ನೆ: ಹೊಡೆತಗಳಾವುವು? ಎಫ್1ರ ಆನೆಯನ್ನು ಹೊಡೆಯುವುದು ಈಗ ಫಲಿಸದು, ಎ6ರ ರಾಣಿಯು ತಿರುಗಿ ಹೊಡೆಯುವಳು. ಉಳಿದ ಹೊಡೆತಗಳಲ್ಲಿ ರಾಣಿಯಿಂದ ಎಫ್3ರ ಒಂಟೆಯನ್ನು ಹೊಡೆಯುವುದೊಂದಿದೆ. ಅವಳನ್ನು ಜಿ2ರ ಕಾಲಾಳು ಕೂಡಲೇ ಹೊಡೆಯುವುದು. ಬಹುಮಂದಿ ಇಲ್ಲಿಗೆ, "ರಾಣಿ ಹೋಗುತ್ತಾಳೆ" ಎಂದು ಆಲೋಚನೆಯನ್ನೇ ನಿಲ್ಲಿಸಿಬಿಡುವರು. ಮಾರ್ಫಿಯು ನಿಲ್ಲಿಸಲಿಲ್ಲ. ಕಾಲಾಳು ಜಿ2ನ್ನು ಬಿಟ್ಟು ಎಫ್3ಕ್ಕೆ ಬಂದಿತೆಂದರೆ ಜಿ ಪಟ್ಟಿಯು ಬಿಳಿಯ ರಾಜನ ಎದೆಗೆ ನೇರವಾಗಿ ತೆರೆದುಕೊಳ್ಳುವುದು. ಇ6ರ ಆನೆಯು ಒಂದೇ ನಡೆಯಲ್ಲಿ ಜಿ6ಕ್ಕೆ ಬರುವುದು. ಡಿ7ರ ಒಂಟೆಗೆ ಎಚ್3ರ ದಾರಿಯು ಅದೇ ಆನೆ ಸರಿದದ್ದರಿಂದ ತೆರವಾಗುವುದು.

ನಾಲ್ಕನೆಯ ಪ್ರಶ್ನೆ: ಬಿಳಿಯ ಅತ್ಯುತ್ತಮವಾದ ಉತ್ತರವೇನು? ರಾಣಿಯನ್ನು ಹೊಡೆಯದಿದ್ದರೆ ಒಂಟೆಯೊಂದು ಪುಕ್ಕಟೆಯಾಗಿ ಹೋಯಿತು. ಹೊಡೆದರೆ ಮುಂದಿನ ನಡೆಗಳು ಹೀಗೆ. ಆಟದಲ್ಲಿ ನಡೆದದ್ದೂ ಇದೇ:

17. ಕಪ್ಪು ರಾಣಿಯು ಎಫ್3ರ ಒಂಟೆಯನ್ನು ಹೊಡೆದಳು.

18. ಜಿ2ರ ಕಾಲಾಳು ರಾಣಿಯನ್ನು ಹೊಡೆಯಿತು. ಕಪ್ಪು ಆನೆಯು ಇ6ರಿಂದ ಜಿ6ಕ್ಕೆ ಬಂದು ಚೆಕ್ ಕೊಟ್ಟಿತು.

19. ರಾಜನು ಎಚ್1ರ ಮೂಲೆಗೆ ಸರಿದನು. ಕಪ್ಪು ಒಂಟೆಯು ಡಿ7ರಿಂದ ಎಚ್3ಕ್ಕೆ ಬಂದಿತು. ಇದರಲ್ಲಿ ಚೆಕ್ ಇಲ್ಲ, ಹೊಡೆತವಿಲ್ಲ, ಶಾಂತವಾದ ನಡೆ. ಆದರೆ ಇದರ ಹಿಂದಿನ ಬೆದರಿಕೆಯು ಭಯಂಕರವಾದುದು: ಒಂಟೆಯು ಜಿ2ರಲ್ಲಿ ಚೆಕ್ ಕೊಟ್ಟು, ರಾಜನು ಜಿ1ಕ್ಕೆ ಬಂದೊಡನೆ ಎಫ್3ರ ಕಾಲಾಳನ್ನು ಹೊಡೆದರೆ, ಹಿಂದಿನಿಂದ ಆನೆಯ ಚೆಕ್ ತೆರೆದುಕೊಂಡು ಚೆಕ್‌ಮೇಟ್. ಬಿಳಿಯ ಆನೆಯು ಜಿ1ಕ್ಕೆ ಅಡ್ಡ ಬಂದರೂ ಫಲವಿಲ್ಲ. ಕಪ್ಪು ಆನೆಯು ಅದನ್ನು ಹೊಡೆದು, ರಾಜನು ತಿರುಗಿ ಹೊಡೆದೊಡನೆ ಎರಡನೆಯ ಆನೆಯು ಇ1ರಲ್ಲಿ ಚೆಕ್ ಕೊಡುವುದು. ಬಿಳಿಯ ರಾಣಿಯು ಎಫ್1ಕ್ಕೆ ಓಡಿಬಂದರೆ ಅವಳನ್ನೂ ಹೊಡೆದು ಚೆಕ್‌ಮೇಟ್.

20. ರಾಜನಿಗೆ ಎಫ್1ರ ಮನೆಯನ್ನು ತೆರವು ಮಾಡಲು ಬಿಳಿಯ ಆನೆಯು ಡಿ1ಕ್ಕೆ ಹೋಯಿತು. ಕಪ್ಪು ಒಂಟೆಯು ಜಿ2ರಲ್ಲಿ ಚೆಕ್ ಕೊಟ್ಟಿತು.

21. ರಾಜನು ಜಿ1ಕ್ಕೆ ಬಂದನು. ಒಂಟೆಯು ಎಫ್3ರ ಕಾಲಾಳನ್ನು ಹೊಡೆದು ಆನೆಯ ಚೆಕ್ಕನ್ನು ತೆರೆಯಿತು.

22. ರಾಜನು ಎಫ್1ಕ್ಕೆ ಸರಿದನು.

ಮುಂದೆ ಒಂಟೆಯು ಜಿ2ಕ್ಕೂ, ಅಲ್ಲಿಂದ ಎಚ್3ಕ್ಕೂ ಚೆಕ್ ಕೊಡುತ್ತ ಹೋಗಿ ರಾಜನನ್ನು ಪುನಃ ಎಚ್1ರ ಮೂಲೆಗೆ ತಳ್ಳಿತು. ಅಷ್ಟು ಹೊತ್ತಿನಿಂದ ಬಿ6ರಲ್ಲಿ ಮೌನವಾಗಿದ್ದ ಒಂಟೆಯು 24ನೆಯ ನಡೆಯಲ್ಲಿ ಎಫ್2ರ ಕಾಲಾಳನ್ನು ಹೊಡೆಯಿತು. ಜಿ2ರಲ್ಲಿ ಚೆಕ್‌ಮೇಟ್ ಆಗುವುದನ್ನು ತಪ್ಪಿಸಲು ಬಿಳಿಯು ತನ್ನ ರಾಣಿಯನ್ನೇ ಎಫ್1ಕ್ಕೆ ತಂದು ಕಳೆದುಕೊಳ್ಳಬೇಕಾಯಿತು. 28ನೆಯ ನಡೆಯಲ್ಲಿ ಪಾಲ್ಸನ್ ಸೋಲನ್ನೊಪ್ಪಿಕೊಂಡನು.

ಈ ಆಟದಿಂದ ಕಲಿಯತಕ್ಕದ್ದು ರಾಣಿಯ ಬಲಿದಾನವಲ್ಲ. ಬಲಿದಾನವನ್ನು ಕಂಡು ಬೆರಗಾಗುವುದು ಸುಲಭ. ಅದಕ್ಕೆ ಮೊದಲು ಎರಡು ಆನೆಗಳು ಇ ಪಟ್ಟಿಗೆ ಬಂದದ್ದು, ಒಂಟೆಗಳೆರಡೂ ತೆರೆದ ದಾರಿಗಳಲ್ಲಿದ್ದದ್ದು, ಎದುರಾಳಿಯ ನಡೆಯು ಬಿಟ್ಟುಹೋದುದನ್ನು ಹುಡುಕಿದ್ದು, ಎಲ್ಲಕ್ಕಿಂತ ಹೆಚ್ಚಾಗಿ "ರಾಣಿ ಹೋಗುತ್ತಾಳೆ" ಎಂಬಲ್ಲಿಗೆ ಎಣಿಕೆಯನ್ನು ನಿಲ್ಲಿಸದೆ ಇನ್ನೊಂದು ನಡೆ ಮುಂದಕ್ಕೆ ನೋಡಿದ್ದು - ಇವೇ ಪಾಠಗಳು. ಸತ್ಯವೇದದ ಎಸ್ತೇರ್ ರಾಣಿಯು ಕರೆಯಿಲ್ಲದೆ ರಾಜಸನ್ನಿಧಿಗೆ ಹೋಗಿ ತನ್ನ ಪ್ರಾಣವನ್ನೇ ಒಡ್ಡಿದಳೆಂಬುದನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅವಳು ಹೋದದ್ದು ಮೂರು ದಿನಗಳ ಉಪವಾಸದ ಅನಂತರ. ಹೋದ ಮೇಲೆಯೂ ಆತುರಪಡದೆ, ರಾಜನನ್ನು ಎರಡು ಸಲ ಔತಣಕ್ಕೆ ಕರೆದು ತಕ್ಕ ಸಮಯದಲ್ಲಿ ಮಾತನ್ನೆತ್ತಿದಳು. ಧೈರ್ಯಕ್ಕೂ ದುಡುಕಿಗೂ ಇರುವ ಅಂತರವು ಇದೇ.

ಎಚ್ಚರಿಕೆಗೆ ಒಂದು ಆಟ

ಮೊದಲನೆಯ ಪ್ರಶ್ನೆಯನ್ನು ಮರೆತರೆ ಎಂತಹ ನಿಪುಣನೂ ಸೋಲುವನೆಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. 19ನೆಯ ಶತಮಾನದ ಮಧ್ಯಭಾಗದಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ನ್ಯಾಯವಾದಿಯಿದ್ದನು. ಅವನೊಡನೆ ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳದ ಆಟಗಾರನು ಅನೇಕ ಆಟಗಳನ್ನಾಡಿದನು. ಮಹೇಶಚಂದ್ರನು ಭಾರತದ ಹಳೆಯ ನಿಯಮಗಳ ಆಟದಲ್ಲಿ ಪಳಗಿ ಅನಂತರ ಐರೋಪ್ಯ ನಿಯಮಗಳನ್ನು ಅಭ್ಯಸಿಸಿದವನು. ಕಪ್ಪು ಕಾಯಿ ಬಂದಾಗ ಅವನು ಮಧ್ಯದ ಮನೆಗಳನ್ನು ಕಾಲಾಳುಗಳಿಂದ ತುಂಬುವ ಬದಲು, ಕುದುರೆಯನ್ನು ಹೊರತಂದು, ಒಂಟೆಯನ್ನು ಜಿ7ರಲ್ಲಿ ಕುಳ್ಳಿರಿಸಿ ದೂರದಿಂದಲೇ ಮಧ್ಯವನ್ನು ಕಾಯುತ್ತಿದ್ದನು. ಇಂದು ಲೋಕವೆಲ್ಲವೂ ಕಪ್ಪಿನ ಇಂತಹ ಆರಂಭಗಳನ್ನು 'ಇಂಡಿಯನ್ ಡಿಫೆನ್ಸ್' ಎಂದು ಕರೆಯುತ್ತದೆ. ಚದುರಂಗದ ಶಾಸ್ತ್ರದಲ್ಲಿ ನಮ್ಮ ದೇಶದ ಹೆಸರು ಕಪ್ಪು ಪಕ್ಷದ ಆಟಕ್ಕೇ ಅಂಟಿಕೊಂಡಿರುವುದು ಸ್ಮರಣೀಯವಾದ ವಿಷಯ.

1855ನೆಯ ಮೇ ತಿಂಗಳಿನ ಒಂದು ಆಟದಲ್ಲಿ ಮಹೇಶಚಂದ್ರನು ಕಪ್ಪಿನಲ್ಲಿ ಅನುಸರಿಸಿದ ಆರಂಭವು, 1922ರಲ್ಲಿ ವಿಯೆನ್ನಾದ ಗ್ರೂನ್‌ಫೆಲ್ಡ್ ಎಂಬಾತನು ಬಳಕೆಗೆ ತಂದು ತನ್ನ ಹೆಸರನ್ನು ಪಡೆದ ಆರಂಭವೇ ಆಗಿದೆ. 67 ವರ್ಷಗಳಷ್ಟು ಮುಂದಿದ್ದ ಬುದ್ಧಿ! ಆದರೂ ಆ ಆಟದಲ್ಲಿ ಕಪ್ಪು ಸೋತಿತು. 18ನೆಯ ನಡೆಯಲ್ಲಿ ಕಾಕ್ರೇನನು ಕುದುರೆಯಿಂದ ಎಫ್7ರ ಕಾಲಾಳನ್ನು ಹೊಡೆದನು. ಬಿಳಿಯ ರಾಣಿಯು ಬಿ3ರಲ್ಲಿದ್ದು, ಅಲ್ಲಿಂದ ಎಫ್7ರ ಮೂಲಕ ಜಿ8ರ ಕಪ್ಪು ರಾಜನವರೆಗೆ ಓರೆಯ ದಾರಿಯು ತೆರೆದಿದ್ದಿತು. ನಡುವೆ ಆ ಕುದುರೆಯೊಂದೇ ಪರದೆ. ಮಹೇಶಚಂದ್ರನು ತನ್ನ ಕುದುರೆಯನ್ನು ಎ5ಕ್ಕೆ ನಡೆಸಿ ಬಿಳಿಯ ರಾಣಿಯನ್ನು ಬೆದರಿಸಿದನು. ಬೆದರಿಕೆಯೇನೋ ನಿಜವೇ. ಆದರೆ ಎದುರಾಳಿಯ ಬೆದರಿಕೆಯು ಅದಕ್ಕಿಂತ ಮೊದಲು ಸಲ್ಲತಕ್ಕದ್ದಾಗಿದ್ದಿತು. ಬಿಳಿಯ ಕುದುರೆಯು ಎಚ್6ಕ್ಕೆ ಹಾರಿತೆಂದರೆ ಕುದುರೆಯಿಂದಲೂ ರಾಣಿಯಿಂದಲೂ ಏಕಕಾಲಕ್ಕೆ ಚೆಕ್. ರಾಜನು ಎಚ್8ಕ್ಕೆ ಸರಿದರೆ ರಾಣಿಯು ಜಿ8ರಲ್ಲಿ ತನ್ನನ್ನೇ ಬಲಿಕೊಡುವಳು. ಅವಳನ್ನು ಆನೆಯೇ ಹೊಡೆಯಬೇಕು. ಹೊಡೆದೊಡನೆ ಕುದುರೆಯು ಎಫ್7ಕ್ಕೆ ಮರಳಿ ಚೆಕ್‌ಮೇಟ್. ತನ್ನ ಆನೆ, ಒಂಟೆ, ಕಾಲಾಳುಗಳ ನಡುವೆಯೇ ರಾಜನು ಉಸಿರುಕಟ್ಟಿದಂತಾಗುವನು.

ಆಕ್ರಮಣವನ್ನು ಪ್ರೀತಿಸುವವರು ಈ ಆಟವನ್ನು ಮಾರ್ಫಿಯ ಆಟದ ಜೊತೆಯಲ್ಲಿಟ್ಟು ನೋಡಬೇಕು. ಒಂದರಲ್ಲಿ ಕಪ್ಪು ಎದುರಾಳಿಯ ನಡೆಯನ್ನು ಪೂರ್ತಿಯಾಗಿ ಓದಿ ಅನಂತರ ಹೊಡೆಯಿತು. ಮತ್ತೊಂದರಲ್ಲಿ ತನ್ನ ಬೆದರಿಕೆಯ ಸಂತೋಷದಲ್ಲಿ ಓದುವುದನ್ನು ಮರೆಯಿತು.

ನಮ್ಮ ಕಾಲದ ಎರಡು ನಿದರ್ಶನಗಳು

ಹಳೆಯ ಆಟಗಳ ಮಾತಾಯಿತು. ಇತ್ತೀಚಿನ ವರ್ಷಗಳಲ್ಲಿಯೂ ನಮ್ಮ ದೇಶದ ಎರಡು ದೊಡ್ಡ ಜಯಗಳು ಕಪ್ಪು ಕಾಯಿಗಳಿಂದಲೇ ಬಂದುವು. 2024ನೆಯ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18 ವರ್ಷದ ಡಿ. ಗುಕೇಶ್ ಚೀನಾದ ಡಿಂಗ್ ಲಿರೆನ್ನರನ್ನು ಸೋಲಿಸಿ ಜಗಜ್ಜೇತೃವಾದರು. ನಿರ್ಣಾಯಕವಾದ 14ನೆಯ ಆಟದಲ್ಲಿ ಅವರದು ಕಪ್ಪು ಪಕ್ಷ. ಆಟವು ಸಮವಾಗಿ ಮುಗಿಯುವಂತೆ ಕಂಡಿದ್ದಾಗ, 55ನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಎಫ್2ಕ್ಕೆ ತಂದರು. ಗುಕೇಶ್ ಮೊದಲು ಆನೆಗಳನ್ನು ವಿನಿಮಯ ಮಾಡಿ, ಒಡನೆಯೇ ಒಂಟೆಯನ್ನು ಡಿ5ಕ್ಕೆ ಇರಿಸಿ ಒಂಟೆಗಳ ವಿನಿಮಯವನ್ನೂ ಬಲಾತ್ಕಾರವಾಗಿ ಮಾಡಿಸಿದರು. ಉಳಿದದ್ದು ರಾಜರೂ ಕಾಲಾಳುಗಳೂ ಮಾತ್ರ. ಕಪ್ಪಿಗೆ ಒಂದು ಕಾಲಾಳು ಹೆಚ್ಚು. ಇಲ್ಲಿ ಬಲಿದಾನವೂ ಇಲ್ಲ, ಆರ್ಭಟವೂ ಇಲ್ಲ. ಎದುರಾಳಿಯ ಒಂದು ನಡೆಯನ್ನು ಸರಿಯಾಗಿ ಓದಿದ್ದೇ ಆಕ್ರಮಣ.

ಬಾಲಿಕೆಯರು ವಿಶೇಷವಾಗಿ ನೆನಪಿಡತಕ್ಕದ್ದು ಎರಡನೆಯದು. 2025ನೆಯ ಜುಲೈ 28ರಂದು ಜಾರ್ಜಿಯಾ ದೇಶದ ಬಾಟುಮಿ ನಗರದಲ್ಲಿ ಮಹಿಳೆಯರ ವಿಶ್ವಕಪ್ಪಿನ ಅಂತಿಮ ಪಂದ್ಯವು ಮುಗಿಯಿತು. ಎದುರುಬದುರಾಗಿದ್ದವರು ಇಬ್ಬರೂ ಭಾರತೀಯರೇ: 2002ರಲ್ಲಿಯೇ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಪಡೆದಿದ್ದ ಕೊನೇರು ಹಂಪಿ, ಮತ್ತು 19 ವರ್ಷದ ನಾಗಪುರದ ದಿವ್ಯಾ ದೇಶಮುಖ್. ದೀರ್ಘಾವಧಿಯ ಎರಡು ಆಟಗಳೂ, ಶೀಘ್ರಗತಿಯ ಮೊದಲನೆಯ ಆಟವೂ ಸಮವಾದುವು. ಕೊನೆಯದರಲ್ಲಿ ದಿವ್ಯಾ ಅವರಿಗೆ ಕಪ್ಪು ಕಾಯಿ. ಆ ಆಟವನ್ನು ಗೆದ್ದು ಕಪ್ಪನ್ನೂ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನೂ ಅವರು ಒಟ್ಟಿಗೆ ಪಡೆದರು. ನಮ್ಮ ಶಿವಮೊಗ್ಗ ಜಿಲ್ಲೆಯವರೇ ಆದ ಜಿ. ಎ. ಸ್ಟೇನಿ ಅವರೂ ಗ್ರ್ಯಾಂಡ್‌ಮಾಸ್ಟರ್ ಆಗಿರುವುದರಿಂದ, ಇದು ದೂರದ ಊರಿನವರಿಗೆ ಮಾತ್ರ ಮೀಸಲಾದ ಆಟವೆಂದು ನಾವು ಹೇಳುವಂತಿಲ್ಲ.

ಮನೆಯಲ್ಲಿ ಅಭ್ಯಾಸ, ಪೋಷಕರಿಗೆ ಎರಡು ಮಾತು

ಅಭ್ಯಾಸಕ್ಕೆ ಹೆಚ್ಚಿನ ಖರ್ಚಿಲ್ಲ. ಮಣೆಯೊಂದು, ನಡೆಗಳನ್ನು ಬರೆದಿಡಲು ಬರೆಯುವ ಪುಸ್ತಕವೊಂದು ಸಾಕು. ವಾರದಲ್ಲಿ ಎರಡು ಆಟಗಳನ್ನಾದರೂ ಕಪ್ಪು ಕಾಯಿಗಳಿಂದಲೇ ಆಡಬೇಕು, ನಡೆಗಳನ್ನು ಬರೆದುಕೊಳ್ಳಬೇಕು. ಆಟ ಮುಗಿದ ಮೇಲೆ, ಗೆದ್ದಿರಲಿ ಸೋತಿರಲಿ, ಎದುರಾಳಿಯ ಪ್ರತಿಯೊಂದು ನಡೆಯ ಎದುರಿಗೂ "ಬೆದರಿಸಿದ್ದು" ಮತ್ತು "ಬಿಟ್ಟದ್ದು" ಎಂದು ಎರಡು ಮಾತುಗಳನ್ನು ಬರೆದು ನೋಡಬೇಕು. ಒಂದು ತಿಂಗಳು ಹೀಗೆ ಮಾಡಿದವಳ ಕಣ್ಣಿಗೆ ಮಣೆಯೇ ಬೇರೆಯಾಗಿ ಕಾಣುವುದು. ಮಲೆನಾಡಿನ ಮಳೆಗಾಲದ ಸಂಜೆಗಳು ಇದಕ್ಕೆ ತಕ್ಕ ಕಾಲ. ಭದ್ರಾವತಿಯಿಂದ ಶಿವಮೊಗ್ಗೆಗೆ ರೈಲಿನಲ್ಲಿ ಹೋಗಿಬರುವವರು ಚಿಕ್ಕ ಮಣೆಯೊಂದನ್ನು ಚೀಲದಲ್ಲಿಟ್ಟುಕೊಂಡರೆ ಪ್ರಯಾಣದ ಹೊತ್ತೂ ವ್ಯರ್ಥವಾಗದು.

ಪೋಷಕರಲ್ಲಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ಮಗಳು ಸೋತು ಬಂದಾಗ "ನಿನಗೆ ಕಪ್ಪು ಬಂದಿತ್ತು, ಪಾಪ" ಎಂದು ಸಮಾಧಾನ ಹೇಳಬೇಡಿರಿ. ಆ ಸಮಾಧಾನವು ಮಗುವಿನ ಮನಸ್ಸಿನಲ್ಲಿ, ತನಗೆ ಎರಡನೆಯ ಸ್ಥಾನ ಬಂದಾಗಲೆಲ್ಲ ಸೋಲು ಸಹಜವೆಂಬ ಭಾವನೆಯನ್ನು ಬೇರೂರಿಸುವುದು. ಅದಕ್ಕೆ ಬದಲಾಗಿ "ಅವಳ ಯಾವ ನಡೆಯನ್ನು ನೀನು ಓದಲಿಲ್ಲ?" ಎಂದು ಕೇಳಿರಿ. ಗಂಡುಮಕ್ಕಳಿಗೆ ಆಟದ ಹೊತ್ತನ್ನು ಬಿಟ್ಟುಕೊಟ್ಟು, ಹತ್ತನೆಯ ತರಗತಿಗೆ ಬಂದೊಡನೆ ಹೆಣ್ಣುಮಕ್ಕಳ ಮಣೆಯನ್ನು ಅಟ್ಟಕ್ಕೆ ಸೇರಿಸುವ ರೂಢಿಯು ಕೆಲವು ಮನೆಗಳಲ್ಲಿದೆ. ಎದುರಿನವರ ಮನಸ್ಸನ್ನು ಓದಿ, ತನ್ನ ಬಲವನ್ನು ಎಣಿಸಿ, ಆತುರಪಡದೆ ನಿರ್ಧರಿಸುವ ಅಭ್ಯಾಸವು ಪರೀಕ್ಷೆಗೆ ಶತ್ರುವಲ್ಲ. ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ತಾಯಂದಿರಾಗಿರುವವರು ಮಕ್ಕಳಿಗೆ ಎದುರಾಳಿಯಾಗಿ ತಾವೇ ಕುಳಿತುಕೊಂಡರೆ ಇನ್ನೂ ಉತ್ತಮ.

ವಾಚಕಿಯರಿಗೆ ಒಂದು ಸಮಸ್ಯೆ

ಮಾರ್ಫಿಯ ಆಟದಲ್ಲಿ 22ನೆಯ ನಡೆಗೆ ಹಿಂದಿರುಗಿರಿ. ಬಿಳಿಯ ಪಕ್ಷ: ರಾಜ ಎಫ್1, ರಾಣಿ ಎ6, ಆನೆಗಳು ಎ2, ಡಿ1, ಒಂಟೆ ಸಿ1, ಕಾಲಾಳುಗಳು ಬಿ4, ಸಿ3, ಡಿ2, ಎಫ್2, ಎಚ್2. ಕಪ್ಪು ಪಕ್ಷ: ರಾಜ ಜಿ8, ಆನೆಗಳು ಜಿ6, ಇ8, ಒಂಟೆಗಳು ಬಿ6, ಎಫ್3, ಕಾಲಾಳುಗಳು ಎ7, ಸಿ6, ಸಿ7, ಎಫ್7, ಜಿ7, ಎಚ್7. ಕಪ್ಪು ನಡೆಸತಕ್ಕದ್ದು. ಇಲ್ಲಿ ಮಾರ್ಫಿಯು ಒಂಟೆಯಿಂದ ಚೆಕ್ ಕೊಟ್ಟನು. ಅದು ಗೆಲ್ಲುವ ದಾರಿಯೇ. ಆದರೆ ಅದಕ್ಕಿಂತಲೂ ಹತ್ತಿರದ ದಾರಿಯೊಂದಿದೆಯೆಂದು ಅನಂತರದ ಪರಿಶೀಲಕರು ಕಂಡುಕೊಂಡರು. ಅದು ಚೆಕ್ ಅಲ್ಲ, ಹೊಡೆತವೂ ಅಲ್ಲ. ಹುಡುಕಿರಿ, ಮುಂದಿನ ಸಾಲುಗಳನ್ನು ಕೈಯಿಂದ ಮುಚ್ಚಿಕೊಳ್ಳಿರಿ.

ಉತ್ತರ: ಆನೆಯು ಜಿ6ರಿಂದ ಜಿ2ಕ್ಕೆ. ಬಿಳಿಯ ರಾಣಿಯು ರಕ್ಷಣೆಗೆಂದು ಡಿ3ಕ್ಕೆ ಬಂದರೆ, ಆನೆಯು ಎಫ್2ರ ಕಾಲಾಳನ್ನು ಹೊಡೆದು ಚೆಕ್ ಕೊಡುವುದು. ಬಿ6ರ ಒಂಟೆಯ ಕಾವಲಿರುವುದರಿಂದ ಆ ಆನೆಯನ್ನು ರಾಜನು ಹೊಡೆಯಲಾರನು. ಇ ಪಟ್ಟಿಯನ್ನು ಇನ್ನೊಂದು ಆನೆಯು ಕಾಯುತ್ತಿದೆ. ರಾಜನು ಜಿ1ಕ್ಕೆ ಸರಿಯಲೇಬೇಕು. ಆಗ ಆನೆಯು ಜಿ2ಕ್ಕೆ ಮರಳಿದರೆ ಆನೆಯಿಂದಲೂ ಒಂಟೆಯಿಂದಲೂ ಜೋಡಿ ಚೆಕ್. ರಾಜನು ಎಚ್1ಕ್ಕೆ ಹೋಗಲಿ, ಎಫ್1ಕ್ಕೆ ಹೋಗಲಿ, ಆನೆಯು ಜಿ1ರಲ್ಲಿ ಚೆಕ್‌ಮೇಟ್. ರಾಣಿಯನ್ನು ತರುವ ಬದಲು ಡಿ2ರ ಕಾಲಾಳನ್ನು ಡಿ4ಕ್ಕೆ ಇರಿಸಿ ಬಿ6ರ ಒಂಟೆಯ ದಾರಿಯನ್ನು ಮುಚ್ಚಿದರೆ, ಆನೆಯು ಎಚ್2ರ ಕಾಲಾಳನ್ನು ಹೊಡೆದು ಮುಂದಿನ ನಡೆಯಲ್ಲಿ ಎಚ್1ರಲ್ಲಿ ಚೆಕ್‌ಮೇಟ್ ಮಾಡುವುದು.

ಮಾರ್ಫಿಯಂತಹವನ ಕಣ್ಣಿಗೂ ಅಂದು ಬೀಳದ ಈ ನಡೆಯನ್ನು ನಮ್ಮ ವಾಚಕಿಯರಲ್ಲಿ ಯಾವಳಾದರೂ ಕೈ ತೆಗೆಯುವ ಮೊದಲೇ ಕಂಡಿದ್ದರೆ, ಅವಳು ಮುಂದಿನ ಸಲ ಕಪ್ಪು ಕಾಯಿಗಳನ್ನು ತಾನಾಗಿಯೇ ಕೇಳಿ ತೆಗೆದುಕೊಳ್ಳಲಿ.